ತಡವಾಗಿ ಜಮೆಯಾದವರು

“ಗುಣವಿದ್ದರೆ ಇಂದಲ್ಲ ನಾಳೆ ಬೆಳಕಿಗೆ ಬಂದೇ ಬರುತ್ತದೆ” ಎಂಬ ಮಾತು ಕೇಳಿಬರದ ಸನ್ಮಾನ ಸಭೆ ನಮ್ಮಲ್ಲಿಲ್ಲ. ಶಾಲು ಹೊದಿಸುವವರೂ ಅದನ್ನೇ ಹೇಳುತ್ತಾರೆ, ಹೊದಿಸಿಕೊಂಡವರೂ ಅದನ್ನೇ ಹೇಳುತ್ತಾರೆ. ಹಿಂದಿನ ಸಾಲಿನಲ್ಲಿ ಕುಳಿತ, ಒಮ್ಮೆಯೂ ಶಾಲು ಕಾಣದ ಮುದುಕರು ತಲೆಯಾಡಿಸುತ್ತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಒಪ್ಪುವುದಿಲ್ಲ ಅಷ್ಟೇ ಅಲ್ಲ, ಗಡಿಯಾಚೆ ಉಳಿದ ನಮ್ಮಂಥ ಕನ್ನಡದ ಮನೆಗಳಿಗೆ ಇದಕ್ಕಿಂತ ಕೆಡುಕಿನ ಸಮಾಧಾನ ಇನ್ನೊಂದಿಲ್ಲ ಎಂದೇ ನನ್ನ ವಾದ. ಬೆಳಕು ತಾನಾಗಿ ಬರುವುದಾದರೆ ದೀಪ ಹಚ್ಚುವ ಕೆಲಸ ಯಾರಿಗೂ ಇಲ್ಲವೆಂದಾಯಿತು. ಕತ್ತಲಲ್ಲಿ ಉಳಿದವನಿಗೆ ಗುಣವಿರಲಿಲ್ಲ ಎಂಬ ತೀರ್ಪೂ ಅದೇ ಉಸಿರಿನಲ್ಲಿ ಬಂದುಬಿಟ್ಟಿತು. ಸಮಾಧಾನದ ಮಾತಿನ ಹೊಟ್ಟೆಯಲ್ಲಿ ಇಂಥದೊಂದು ಬೈಗುಳ ಇರುವುದನ್ನು ನಾವು ಗಮನಿಸಿಲ್ಲ.

ಈ ವಾದಕ್ಕೆ ನಾನು ಆರಿಸಿಕೊಂಡ ಉದಾಹರಣೆ ಕನ್ನಡದ್ದಲ್ಲ, ಇಂಗ್ಲೆಂಡಿನದು. 1960ರ ದಶಕದ ಒಂದು ಹಾಡುಗಾರರ ತಂಡ, ಹೆಸರು ಪ್ರೆಟಿ ಥಿಂಗ್ಸ್. ಗಡಿನಾಡಿನ ವಾರ್ಷಿಕ ಸಂಚಿಕೆಯಲ್ಲಿ ಇಂಗ್ಲಿಷರ ಗಿಟಾರಿನ ಗದ್ದಲ ಏಕೆ ಎಂದು ಹುಬ್ಬೇರಿಸುವವರಿಗೆ ನನ್ನ ಉತ್ತರ ಇದು. ನಮ್ಮ ಊರಿನ ಉದಾಹರಣೆ ಕೊಟ್ಟರೆ ಕೇಳುವವರು “ಪಾಪ, ಗಡಿನಾಡಿನವರು, ಅವರಿಗೆ ಅನ್ಯಾಯವಾಗಿದೆ” ಎಂದು ಮರುಕ ತೋರಿಸಿ ಎದ್ದುಹೋಗುತ್ತಾರೆ. ವಾದ ಅಲ್ಲಿಗೇ ನಿಂತುಬಿಡುತ್ತದೆ. ಈ ತಂಡದ ವಿಷಯದಲ್ಲಿ ಹಾಗೆ ಹೇಳುವಂತಿಲ್ಲ. ಇವರು ರಾಜಧಾನಿ ಲಂಡನ್ನಿನ ಅಂಚಿನವರು, ಬಿಳಿಯರು, ಆಡಿದ್ದು ಜಗತ್ತು ಆಳಿದ ಭಾಷೆ, ಧ್ವನಿಮುದ್ರಣ ಮಾಡಿದ್ದು ಜಗತ್ತಿನ ಹೆಸರಾಂತ ಸ್ಟುಡಿಯೋದಲ್ಲಿ. ಅಷ್ಟೆಲ್ಲ ಇದ್ದೂ ಗುಣ ತಾನಾಗಿ ಬೆಳಕಿಗೆ ಬರಲಿಲ್ಲ ಎಂದಾದರೆ, ಕುಂದುರ್ಪಿ ಕಡೆಯ ಹಳ್ಳಿಯ ಹಾರ್ಮೋನಿಯಂ ಮೇಷ್ಟ್ರ ಗುಣ ತಾನಾಗಿ ಬಂದೀತೆಂದು ಕಾಯುವುದರಲ್ಲಿ ಏನು ಅರ್ಥವಿದೆ?

ಮೊದಲು ಈ ಸಂಗೀತದ ಮೂಲವನ್ನು ಹೇಳಿಬಿಡುತ್ತೇನೆ. ರಿದಮ್ ಅಂಡ್ ಬ್ಲೂಸ್ ಇಂಗ್ಲಿಷರದಲ್ಲ. ಅಮೆರಿಕದ ಮಿಸಿಸಿಪಿ ಕಡೆಯ ಹತ್ತಿ ಹೊಲಗಳಲ್ಲಿ ದುಡಿದ ಕಪ್ಪು ಜನರ ಹಾಡು ಅವರೊಂದಿಗೆ ಷಿಕಾಗೋದಂಥ ನಗರಗಳಿಗೆ ಗುಳೆ ಹೋಯಿತು. ಅಲ್ಲಿ ವಿದ್ಯುತ್ ಗಿಟಾರಿನ ಜೊತೆ ಸೇರಿ ಹೊಸ ಬಿರುಸು ಪಡೆಯಿತು. ಕಡಲೆಕಾಯಿ ಹೊಲ ಬಿಟ್ಟು ಬೆಂಗಳೂರಿಗೆ ಗುಳೆ ಹೋಗುವವರನ್ನು ನೋಡುತ್ತ ಬೆಳೆದ ನಮ್ಮ ಸೀಮೆಯವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. 1958ರಲ್ಲಿ ಮಡ್ಡಿ ವಾಟರ್ಸ್ ಎಂಬ ಷಿಕಾಗೋದ ಹಾಡುಗಾರ ಇಂಗ್ಲೆಂಡಿನಲ್ಲಿ ಹಾಡಿ ಹೋದ. 1962ರಲ್ಲಿ ಅಲೆಕ್ಸಿಸ್ ಕಾರ್ನರ್ ಮತ್ತು ಸಿರಿಲ್ ಡೇವಿಸ್ ಎಂಬವರು ಲಂಡನ್ನಿನ ಈಲಿಂಗ್‌ನಲ್ಲಿ ಈ ಸಂಗೀತಕ್ಕಾಗಿ ಕ್ಲಬ್ ತೆರೆದರು. ಅಲ್ಲಿಗೆ ಬಂದು ನಿಂತು ಕೇಳಿದ ಹುಡುಗರಿಂದಲೇ ಹಲವು ತಂಡಗಳು ಹುಟ್ಟಿದವು. ಅವುಗಳಲ್ಲಿ ರೋಲಿಂಗ್ ಸ್ಟೋನ್ಸ್ ಒಂದು. ಆ ಹೆಸರನ್ನು ನೀವೂ ಕೇಳಿದ್ದೀರಿ, ನಿಮ್ಮ ಮಕ್ಕಳ ಬನಿಯನ್ನಿನ ಮೇಲೆ ಅವರ ನಾಲಗೆಯ ಚಿತ್ರವನ್ನೂ ನೋಡಿದ್ದೀರಿ.

ಆ ಸ್ಟೋನ್ಸ್ ತಂಡದ ಮೊದಲ ದಿನಗಳಲ್ಲಿ ಡಿಕ್ ಟೇಲರ್ ಎಂಬ ಹುಡುಗನೊಬ್ಬನಿದ್ದ. ಮಿಕ್ ಜಾಗರ್, ಕೀತ್ ರಿಚರ್ಡ್ಸ್ ಇಬ್ಬರೊಡನೆಯೂ ಮೊದಲಿನಿಂದ ನುಡಿಸಿದವನು. ಚಿತ್ರಕಲೆ ಕಲಿಯಬೇಕೆಂದು 1962ರ ಕೊನೆಗೆ ತಂಡ ಬಿಟ್ಟ. ಮರುವರ್ಷ, 1963ರಲ್ಲಿ, ಸಿಡ್‌ಕಪ್ ಕಲಾಶಾಲೆಯ ಸಹಪಾಠಿ ಫಿಲ್ ಮೇ ಜೊತೆ ಸೇರಿ ಪ್ರೆಟಿ ಥಿಂಗ್ಸ್ ಕಟ್ಟಿದ. ಅಂದರೆ ಎರಡು ತಂಡಗಳೂ ಒಂದೇ ಬಾವಿಯ ನೀರು ಕುಡಿದವು. ಅವರು ಕಲಿತ ಹಾಡುಗಳೂ ಒಂದೇ, ಹಾಡಿದ ಕಾಲವೂ ಒಂದೇ.

ಹೆಸರಿನ ಕಡೆಗೆ ಸ್ವಲ್ಪ ಗಮನ ಕೊಡಿ. ‘ಪ್ರೆಟಿ ಥಿಂಗ್’ ಎಂಬುದು ಬೋ ಡಿಡ್ಲಿ ಎಂಬ ಕಪ್ಪು ಹಾಡುಗಾರನ ಹಾಡು. ತಾವು ಯಾರ ಸಾಲಗಾರರು ಎಂಬುದನ್ನು ಈ ಹುಡುಗರು ಬೋರ್ಡಿನ ಮೇಲೆಯೇ ಬರೆದುಕೊಂಡರು. ಬೋ ಡಿಡ್ಲಿ ಮಿಸಿಸಿಪಿಯಲ್ಲಿ 1928ರಲ್ಲಿ ಹುಟ್ಟಿದವನು. ಅವನ ತಾಳ ಉರುಮೆ ತಮಟೆ ಕೇಳಿ ಬೆಳೆದವರ ಕಾಲನ್ನು ತಾನಾಗಿ ಕುಣಿಸುವಂಥದು. ಅದನ್ನು ಎತ್ತಿಕೊಂಡು ಎಷ್ಟೋ ಜನ ಹಣ ಮಾಡಿದರು. ತನಗೆ ಬರಬೇಕಾದ ರಾಯಲ್ಟಿ ಬರಲಿಲ್ಲ ಎಂದು ಆತ 2008ರಲ್ಲಿ ಸಾಯುವವರೆಗೂ ದೂರುತ್ತಲೇ ಇದ್ದ. ಆದ್ದರಿಂದ ಉಪೇಕ್ಷೆಯ ಲೆಕ್ಕ ತೆಗೆದರೆ ಮೊದಲ ಸಾಲಿನಲ್ಲಿ ನಿಲ್ಲುವವನು ಈತ, ಇಂಗ್ಲಿಷ್ ಹುಡುಗರು ಎರಡನೆಯವರು. ಇದನ್ನು ಮರೆತು ನಾನು ವಾದ ಮಾಡುತ್ತಿಲ್ಲ. ಸಾಲ ಪಡೆದದ್ದನ್ನು ಹೇಳಿಕೊಂಡು ನಡೆಯುವವನಿಗೂ ಬಚ್ಚಿಟ್ಟುಕೊಳ್ಳುವವನಿಗೂ ವ್ಯತ್ಯಾಸವಿದೆ ಎಂದಷ್ಟೇ ಹೇಳುತ್ತಿದ್ದೇನೆ.

1964ರಲ್ಲಿ ‘ರೋಸಲಿನ್’ ಎಂಬ ಹಾಡಿನಿಂದ ಅವರ ಡಿಸ್ಕುಗಳು ಹೊರಬರತೊಡಗಿದವು. ಅದೇ ವರ್ಷ ‘ಡೋಂಟ್ ಬ್ರಿಂಗ್ ಮಿ ಡೌನ್’ ಬ್ರಿಟನ್ನಿನ ಪಟ್ಟಿಯಲ್ಲಿ 10ನೆಯ ಸ್ಥಾನಕ್ಕೇರಿತು. 1965ರ ಮೊದಲ ಲಾಂಗ್ ಪ್ಲೇ ಕೂಡ ಚೆನ್ನಾಗಿಯೇ ಓಡಿತು. ಕೇಳಿ ನೋಡಿದವರಿಗೆ ತಿಳಿಯುತ್ತದೆ, ಸ್ಟೋನ್ಸ್ ಆಗ ಮಾಡಿದ್ದಕ್ಕಿಂತ ಇವರದು ಹೆಚ್ಚು ಒರಟು, ಹೆಚ್ಚು ಬಿಸಿ. ಮೈಕಿನ ಮುಂದೆ ಹಾಡುವವನು ನಯಕ್ಕಾಗಿ ಕಾಯುವುದಿಲ್ಲ, ಡ್ರಮ್ ಬಾರಿಸುವ ವಿವ್ ಪ್ರಿನ್ಸ್ ತಾಳದ ಬೇಲಿಯನ್ನು ಹಾರಿಹಾರಿ ಮರಳುತ್ತಾನೆ. ಕೂದಲು ಭುಜದವರೆಗೆ. ಅದೇ ವರ್ಷ ನ್ಯೂಜಿಲೆಂಡಿಗೆ ಹೋದಾಗ ಅವರ ವರ್ತನೆಯ ಬಗ್ಗೆ ಪತ್ರಿಕೆಗಳಲ್ಲಿ ದೊಡ್ಡ ಗದ್ದಲವೆದ್ದಿತು. ಆದರೆ ಇಂಗ್ಲಿಷ್ ತಂಡಗಳೆಲ್ಲ ಸಾಲುಗಟ್ಟಿ ಅಮೆರಿಕಕ್ಕೆ ಹೋಗಿ ಹೆಸರು, ಹಣ ತಂದ ಆ ವರ್ಷಗಳಲ್ಲಿ ಇವರು ಅಮೆರಿಕಕ್ಕೆ ಹೋಗಿ ಹಾಡಲಿಲ್ಲ. ದೊಡ್ಡ ಪೇಟೆಯ ಬಾಗಿಲು ತೆರೆದಿದ್ದಾಗ ಒಳಗೆ ಹೋಗದವನಿಗೆ ಆಮೇಲೆ ಕಿಟಕಿಯೂ ಸಿಗುವುದಿಲ್ಲ.

ನನ್ನ ವಾದದ ಮುಖ್ಯ ಸಂಗತಿ ಇನ್ನು ಮುಂದಿನದು. 1967ರ ಕೊನೆಯಿಂದ 1968ರವರೆಗೆ ಇವರು ಲಂಡನ್ನಿನ ಅಬ್ಬೆ ರೋಡ್ ಸ್ಟುಡಿಯೋದಲ್ಲಿ ಕುಳಿತು ಹೊಸದೊಂದು ಕೆಲಸ ಮಾಡಿದರು. ಬೀಟಲ್ಸ್ ತಂಡದವರೂ ಪಿಂಕ್ ಫ್ಲಾಯ್ಡ್ ತಂಡದವರೂ ಧ್ವನಿಮುದ್ರಣ ಮಾಡುತ್ತಿದ್ದದ್ದು ಅದೇ ಕಟ್ಟಡದಲ್ಲಿ. ಬೀಟಲ್ಸ್‌ಗೆ ಧ್ವನಿಮುದ್ರಣ ಎಂಜಿನಿಯರ್ ಆಗಿದ್ದ ನಾರ್ಮನ್ ಸ್ಮಿತ್ ಇವರ ನಿರ್ಮಾಪಕ. ಬಿಡಿಬಿಡಿ ಹಾಡುಗಳ ಬದಲು ಒಬ್ಬ ಮನುಷ್ಯನ ಬಾಳನ್ನು ಹುಟ್ಟಿನಿಂದ ಮುಪ್ಪಿನವರೆಗೆ ಹಾಡಿನ ಸರಣಿಯಾಗಿ ಹೇಳುವ ಡಿಸ್ಕ್ ಅದು, ಹೆಸರು ‘ಎಸ್.ಎಫ್. ಸಾರೋ’. ಕಾರ್ಖಾನೆ ಊರಿನಲ್ಲಿ ಹುಟ್ಟಿದ ಹುಡುಗ, ದುಡಿಮೆ, ಪ್ರೀತಿ, ಯುದ್ಧ, ಪ್ರೀತಿಸಿದವಳ ಸಾವು, ಕೊನೆಗೆ ಯಾರನ್ನೂ ನಂಬಲಾಗದ ಒಂಟಿ ಮುದುಕ. ಇಂಗ್ಲೆಂಡಿನಲ್ಲಿ ಇದು ಹೊರಬಂದದ್ದು 1968ರ ಡಿಸೆಂಬರಿನಲ್ಲಿ.

ದಿ ಹೂ ಎಂಬ ಪ್ರಸಿದ್ಧ ತಂಡದ ‘ಟಾಮಿ’ ಹೊರಬಂದದ್ದು 1969ರ ಮೇ ತಿಂಗಳಲ್ಲಿ. ಅದೂ ಒಬ್ಬ ಹುಡುಗನ ಬಾಳಿನ ಕಥೆಯನ್ನು ಹಾಡುಗಳಲ್ಲಿ ಹೇಳುವ ಡಿಸ್ಕು. ಅದಕ್ಕೆ ‘ರಾಕ್ ಆಪೆರಾ’ ಎಂಬ ಹೆಸರು ಬಂತು, ಲಕ್ಷಗಟ್ಟಲೆ ಮಾರಾಟವಾಯಿತು, 1975ರಲ್ಲಿ ಸಿನಿಮಾ ಕೂಡ ಆಯಿತು. ‘ಸಾರೋ’ ಅಮೆರಿಕದ ಪೇಟೆಗೆ ಬಿಡುಗಡೆಯಾದದ್ದು ‘ಟಾಮಿ’ಯ ನಂತರ, 1969ರಲ್ಲೇ, ಮೋಟೌನ್ ಕಂಪನಿಯ ರೇರ್ ಅರ್ತ್ ಎಂಬ ವಿಭಾಗದ ಮೂಲಕ. ಕಪ್ಪು ಜನರ ಸಂಗೀತಕ್ಕೆ ಹೆಸರಾದ ಕಂಪನಿಯೇ ಕಪ್ಪು ಜನರಿಂದ ಕಲಿತ ಬಿಳಿಯರನ್ನು ಪೇಟೆಗೆ ತಂದಿತು. ಆದರೆ ತಂದ ಗಳಿಗೆ ಕೆಟ್ಟದ್ದಾಗಿತ್ತು. ಅಲ್ಲಿನ ವಿಮರ್ಶಕರು ಮೊದಲು ಕೇಳಿದ್ದು ‘ಟಾಮಿ’ಯನ್ನು, ಆಮೇಲೆ ‘ಸಾರೋ’ವನ್ನು. ಆದ್ದರಿಂದ ‘ಸಾರೋ’ ಅನುಕರಣೆ ಎಂಬ ಹಣೆಪಟ್ಟಿ ಅಂಟಿತು. ಮೊದಲು ಹುಟ್ಟಿದ ಅಣ್ಣ, ತಮ್ಮನ ಪಡಿಯಚ್ಚು ಎನಿಸಿಕೊಂಡ. ಡಿಕ್ ಟೇಲರ್ ಅದೇ 1969ರಲ್ಲಿ ತಂಡ ಬಿಟ್ಟು ಹೊರಟ.

ನಾನು ಬ್ಯಾಂಕಿನ ಗುಮಾಸ್ತ. ಹಿಂದೂಪುರದ ಕೌಂಟರಿನಲ್ಲೂ ಕೂತಿದ್ದೇನೆ, ಕಲ್ಯಾಣದುರ್ಗದ ಕೌಂಟರಿನಲ್ಲೂ ಕೂತಿದ್ದೇನೆ. ನಮ್ಮ ಕಸುಬಿನಲ್ಲಿ ಒಂದು ವ್ಯವಹಾರಕ್ಕೆ ಎರಡು ದಿನಾಂಕ ಇರಬಹುದು. ಪುಸ್ತಕದಲ್ಲಿ ನಮೂದಾದ ದಿನ ಒಂದು, ಹಣ ನಿಜವಾಗಿ ಲೆಕ್ಕಕ್ಕೆ ಬರಬೇಕಾದ ದಿನ ಇನ್ನೊಂದು. ಎರಡನೆಯದಕ್ಕೆ ವ್ಯಾಲ್ಯೂ ಡೇಟ್ ಎನ್ನುತ್ತಾರೆ. ರೈತನೊಬ್ಬ ಸೋಮವಾರ ಕಟ್ಟಿದ ಹಣ ನಮ್ಮ ಕಡೆಯ ತಡದಿಂದ ಗುರುವಾರ ನಮೂದಾದರೆ, ಮೂರು ದಿನದ ಬಡ್ಡಿಯನ್ನು ಅವನ ತಲೆಗೆ ಕಟ್ಟುವಂತಿಲ್ಲ, ಸೋಮವಾರದ ವ್ಯಾಲ್ಯೂ ಡೇಟ್ ಕೊಡಬೇಕು. ಅದು ನ್ಯಾಯ. ಆದರೆ ಆ ನ್ಯಾಯ ಸಿಗಬೇಕಾದರೆ ರೈತನ ಕೈಯಲ್ಲಿ ಸೋಮವಾರದ ಮೊಹರು ಬಿದ್ದ ಚಲನ್ ಇರಬೇಕು. ಚಲನ್ ಇಲ್ಲದವನಿಗೆ ಗುರುವಾರವೇ ಗತಿ. ಕಲೆಯ ಜಗತ್ತಿನಲ್ಲೂ ಇದೇ ನಡೆಯುತ್ತದೆ. ರಾಜಧಾನಿಯ ಪುಸ್ತಕದಲ್ಲಿ ನಮೂದಾದ ದಿನವನ್ನೇ ಹುಟ್ಟಿದ ದಿನವೆಂದು ನಂಬಿಬಿಡುತ್ತಾರೆ.

ಪ್ರಾಮಾಣಿಕವಾಗಿ ಇನ್ನೊಂದು ಮಾತು. ‘ಸಾರೋ’ ಇಂಥ ಕಥಾ ಡಿಸ್ಕುಗಳಲ್ಲಿ ಮೊಟ್ಟಮೊದಲನೆಯದು ಎಂದು ನಾನು ಪಟ್ಟು ಹಿಡಿಯುವುದಿಲ್ಲ. ನಿರ್ವಾಣ ಎಂಬ ಇನ್ನೊಂದು ಲಂಡನ್ ತಂಡ 1967ರಲ್ಲೇ ಕಥೆಯುಳ್ಳ ಡಿಸ್ಕ್ ಮಾಡಿತ್ತು. ‘ಟಾಮಿ’ಯ ಕರ್ತೃ ಪೀಟ್ ಟೌನ್ಸೆಂಡ್ ‘ಸಾರೋ’ದಿಂದ ಕದ್ದ ಎಂದೂ ನಾನು ಹೇಳುವುದಿಲ್ಲ. ಒಂದೇ ಗಾಳಿಯಲ್ಲಿ ಎರಡು ಮರ ಒಂದೇ ಹೊತ್ತಿಗೆ ಚಿಗುರಬಹುದು. ನನ್ನ ಹಠ ‘ಮೊದಲಿಗರು’ ಎಂಬ ಬಿರುದಿಗಾಗಿ ಅಲ್ಲ. ‘ನಕಲು’ ಎಂಬ ಕಳಂಕವನ್ನು ಒರೆಸುವುದಕ್ಕಾಗಿ. ಇವೆರಡೂ ಬೇರೆ. ಮೊದಲಿಗನೆಂಬ ಬಿರುದು ಸಿಗದಿದ್ದರೆ ಯಾರೂ ಸಾಯುವುದಿಲ್ಲ. ನಕಲು ಎನಿಸಿಕೊಂಡವನ ಮಗ ಮಾತ್ರ ಆ ಕಲೆಯನ್ನು ಮುಂದುವರಿಸುವುದಿಲ್ಲ.

ಈಗ ನಮ್ಮ ಕಡೆಗೆ ಬರೋಣ. 1960ರ ದಶಕದಲ್ಲೇ ಬೆಂಗಳೂರಿನಲ್ಲಿ ಟ್ರೋಜನ್ಸ್ ಎಂಬ ತಂಡವೊಂದಿತ್ತು. ಕೊಡವ ಮನೆತನದ ಬಿದ್ದು ಅಪ್ಪಯ್ಯ ಎಂಬ ಹುಡುಗ ಗೆಳೆಯರೊಡನೆ ಕಟ್ಟಿದ್ದು. ಬೀಟಲ್ಸ್, ಸ್ಟೋನ್ಸ್ ಹಾಡುಗಳನ್ನು ಬೆಂಗಳೂರಿನಲ್ಲಿ, ಕಲ್ಕತ್ತೆಯಲ್ಲಿ, ಮುಂಬಯಿಯಲ್ಲಿ ಹಾಡಿದರು. 1967ರಲ್ಲಿ ಬಿದ್ದು ಇಂಗ್ಲೆಂಡಿಗೆ ಹೋದರು. 1974ರಲ್ಲಿ ಜಮೈಕಾದ ಕಾರ್ಲ್ ಡಗ್ಲಸ್ ಹಾಡಿದ ‘ಕುಂಗ್ ಫೂ ಫೈಟಿಂಗ್’ ಎಂಬ ಅವರ ನಿರ್ಮಾಣ ಬ್ರಿಟನ್, ಅಮೆರಿಕ ಎರಡರಲ್ಲೂ ಮೊದಲ ಸ್ಥಾನಕ್ಕೇರಿತು. 1980ರ ‘ಕುರ್ಬಾನಿ’ ಚಿತ್ರದ ‘ಆಪ್ ಜೈಸಾ ಕೋಯಿ’, 1995ರ ‘ಮೇಡ್ ಇನ್ ಇಂಡಿಯಾ’ ಅವರವೇ. ಬಿದ್ದು ಬೆಳಕಿಗೆ ಬಂದರು, ಸಂತೋಷ. ಆದರೆ ಅವರು ಬೆಳಕಿಗೆ ಬಂದದ್ದು ಲಂಡನ್ನಿಗೆ ಹೋದ ಮೇಲೆ. ಬೆಂಗಳೂರಿನ ಹೋಟೆಲುಗಳಲ್ಲಿ ಬೆವರು ಸುರಿಸಿದ ಟ್ರೋಜನ್ಸ್ ತಂಡದ ಬಗ್ಗೆ ನಮ್ಮ ಕನ್ನಡದ ಸಂಗೀತ ಲೇಖನಗಳಲ್ಲಿ ಒಂದು ಪ್ಯಾರಾ ಕಂಡರೂ ನನಗೆ ಆಶ್ಚರ್ಯವಾಗುತ್ತದೆ. ಇಂಗ್ಲಿಷಿನಲ್ಲಿ ಹಾಡಿದರು, ಆದ್ದರಿಂದ ನಮ್ಮವರಲ್ಲ. ಇಂಡಿಯಾದಲ್ಲಿ ಹಾಡಿದರು, ಆದ್ದರಿಂದ ಇಂಗ್ಲೆಂಡಿನವರಿಗೂ ಅವರದ್ದಲ್ಲ. ಎರಡು ಪುಸ್ತಕಗಳ ನಡುವಿನ ಹೊಲಿಗೆಯಲ್ಲಿ ಬಿದ್ದುಹೋದ ನಮೂದು ಅದು. ಹೊಲಿಗೆಯಲ್ಲಿ ಬೀಳುವುದೆಂದರೇನು ಎಂದು ಕಾಸರಗೋಡಿನ ಅಣ್ಣಂದಿರಿಗೂ ಅಕ್ಕಂದಿರಿಗೂ ನಾನು ಹೇಳಿಕೊಡಬೇಕೆ?

ದಿನಾಂಕದ ಬೆಲೆ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು! 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಬಳ್ಳಾರಿ ಮೈಸೂರಿಗೆ ಬಂತು, ರಾಯದುರ್ಗ, ಆಲೂರು, ಆದವಾನಿ ಆಂಧ್ರಕ್ಕೆ ಹೋದವು. ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗದ ಕನ್ನಡದ ಹಳ್ಳಿಗಳು ಅನಂತಪುರ ಜಿಲ್ಲೆಯ ಜೊತೆಗೇ ಉಳಿದವು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದರೂ ಅದು ಕಾಗದದಲ್ಲೇ ಉಳಿಯಿತು. ನಮ್ಮ ಕಡೆಯಂತೂ 2022ರ ಏಪ್ರಿಲ್ 4ರಂದು ಜಿಲ್ಲೆಗಳನ್ನು ಮತ್ತೆ ಹೋಳು ಮಾಡಿದಾಗ ಹಿಂದೂಪುರ, ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋದವು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಇದ್ದ ಸ್ವಲ್ಪ ಕನ್ನಡದ ಜನ ಎರಡು ಕಲೆಕ್ಟರ್ ಕಚೇರಿಗಳ ಕಡತಗಳಿಗೆ ಹಂಚಿಹೋದರು. ಇಂಥ ದಿನಾಂಕಗಳನ್ನೆಲ್ಲ ನಾವು ಬಾಯಿಪಾಠ ಮಾಡಿದ್ದೇವೆ. ಇವೆಲ್ಲ ನಮ್ಮ ಮೇಲೆ ಇತರರು ಹಾಕಿದ ಮೊಹರುಗಳು. ನಾವು ಮಾಡಿದ ಕೆಲಸದ ಮೇಲೆ ನಾವೇ ಹಾಕಿದ ಮೊಹರು ಎಲ್ಲಿದೆ?

ಕುಂದುರ್ಪಿ ಕಡೆಯ ನಮ್ಮ ಹಳ್ಳಿಯಲ್ಲಿ ಒಬ್ಬ ಹಾರ್ಮೋನಿಯಂ ಮೇಷ್ಟ್ರಿದ್ದರು. ಬೇಸಿಗೆಯಲ್ಲಿ ‘ಕುರುಕ್ಷೇತ್ರ’ ನಾಟಕ ಕಲಿಸುವುದು ಅವರ ಕಸುಬು. ಒಂದು ಹಳ್ಳಿಯಲ್ಲಿ ಕನ್ನಡದಲ್ಲಿ ಕಲಿಸಿದರೆ ಮುಂದಿನ ಹಳ್ಳಿಯಲ್ಲಿ ತೆಲುಗಿನಲ್ಲಿ ಕಲಿಸುವರು. ಕೃಷ್ಣನ ಪಾತ್ರಕ್ಕೆ ಅವರು ಕೂಡಿಸಿದ ಮಟ್ಟುಗಳನ್ನು ಕಡಲೆಕಾಯಿ ಬಿಡಿಸುವ ಹೆಂಗಸರೂ ಗುನುಗುತ್ತಿದ್ದರು. ಅವರು ತೀರಿಕೊಂಡ ಮೇಲೆ ಅವರ ಬಗ್ಗೆ ನಾನೊಂದು ಲೇಖನ ಬರೆದು ಒಂದು ಸ್ಪರ್ಧೆಗೆ ಕಳುಹಿಸಿದೆ. ಸ್ಪರ್ಧೆಯ ಹೆಸರು ಇಲ್ಲಿ ಬೇಡ. ಲೇಖನ ಒಂದು ಷರಾದೊಂದಿಗೆ ಹಿಂದಕ್ಕೆ ಬಂತು, ಈ ಮಟ್ಟುಗಳು ತೆಲುಗು ಪದ್ಯನಾಟಕದ ಕ್ಯಾಸೆಟ್ಟುಗಳಲ್ಲಿ ಇವೆ, ಇದು ಅನುಕರಣೆ ಎಂದು. ಕ್ಯಾಸೆಟ್ಟು ಬಂದದ್ದು ಯಾವಾಗ, ಮೇಷ್ಟ್ರು ಕಲಿಸಿದ್ದು ಯಾವಾಗ? ಊರಿನ ಮುದುಕರಿಗೆ ಗೊತ್ತು, ಆ ಮಟ್ಟುಗಳು ಊರಿಗೆ ಟೇಪ್ ರೆಕಾರ್ಡರ್ ಬರುವುದಕ್ಕೂ ಹಿಂದಿನವು. ಆದರೆ ಮೇಷ್ಟ್ರ ನೋಟುಪುಸ್ತಕದಲ್ಲಿ ಹಾಡಿದೆ, ಸ್ವರವಿದೆ, ಯಾರು ಎಷ್ಟು ಅಡ್ವಾನ್ಸ್ ಕೊಟ್ಟರೆಂಬ ಲೆಕ್ಕವೂ ಇದೆ, ದಿನಾಂಕ ಮಾತ್ರ ಇಲ್ಲ. ಚಲನ್ ಇಲ್ಲ, ಆದ್ದರಿಂದ ಸೋಮವಾರ ಕಟ್ಟಿದ್ದು ಗುರುವಾರದ ಲೆಕ್ಕಕ್ಕೆ ಹೋಯಿತು. ಮೇಷ್ಟ್ರಿಂದಲೇ ಮಟ್ಟು ಕಲಿತ ತೆಲುಗು ಹಳ್ಳಿಯವರು ಅದನ್ನು ಹಾಡಿದ್ದರೆ ಅದರಲ್ಲಿ ಅವರ ತಪ್ಪೇನೂ ಇಲ್ಲ. ಎರಡು ಭಾಷೆಗೂ ಒಂದೇ ಪೆಟ್ಟಿಗೆಯಿಂದ ಗಾಳಿ ಊದಿದ ಮನುಷ್ಯನನ್ನು ಒಂದು ಭಾಷೆಯ ನಕಲುಗಾರನೆಂದು ಬರೆದ ಕೈಯದು ತಪ್ಪು.

ಇದು ನಮ್ಮ ಕಡೆಯ ಕಥೆ ಮಾತ್ರ ಎಂದು ನಾನು ತಿಳಿದಿಲ್ಲ. ನಿಮ್ಮ ಕುಂಬಳೆಯ ಪಾರ್ತಿಸುಬ್ಬನ ವಿಷಯವನ್ನೇ ನೋಡಿ. ಆತ ಯಾವ ಕಾಲದವನು, ರಾಮಾಯಣದ ಪ್ರಸಂಗಗಳು ಅವನವೇ ಹೌದೇ, ಕೇರಳದ ರಾಮನಾಟ್ಟಕ್ಕೂ ನಮ್ಮ ಯಕ್ಷಗಾನಕ್ಕೂ ಕೊಡುಕೊಳೆ ಯಾವ ಕಡೆಯಿಂದ ಯಾವ ಕಡೆಗೆ ನಡೆಯಿತು ಎಂದು ಮುಳಿಯ ತಿಮ್ಮಪ್ಪಯ್ಯ, ಶಿವರಾಮ ಕಾರಂತ, ಕುಕ್ಕಿಲ ಕೃಷ್ಣ ಭಟ್ಟರಂಥ ಘಟಾನುಘಟಿಗಳು ವಾದ ಮಾಡಿದರು. ಆ ವಾದದಲ್ಲಿ ತೀರ್ಪು ಕೊಡುವ ಯೋಗ್ಯತೆ ಹಿಂದೂಪುರದ ಗುಮಾಸ್ತನಿಗೆ ಇಲ್ಲ. ಒಂದನ್ನು ಮಾತ್ರ ಹೇಳಬಲ್ಲೆ. ಇಂದಿಗೂ ಪಾರ್ತಿಸುಬ್ಬನ ಹೆಸರು ಉಳಿದಿದ್ದರೆ ಅದಕ್ಕೆ ಗುಣ ಒಂದೇ ಕಾರಣವಲ್ಲ. ಅವನ ಪದಗಳನ್ನು ಆಡುತ್ತ ಬಂದ ಮೇಳಗಳಿದ್ದವು, ಓಲೆಗಳನ್ನು ಹುಡುಕಿದವರಿದ್ದರು, ಅಚ್ಚು ಹಾಕಿಸಿದವರಿದ್ದರು, ಅವನಿಗಾಗಿ ಜಗಳವಾಡುವವರಿದ್ದರು. ಜಗಳವಾಡುವವರಿಲ್ಲದ ಕವಿಯ ಹೆಸರನ್ನು ನಾನು ನಿಮಗೆ ಹೇಗೆ ಹೇಳಲಿ? ಅವನ ಹೆಸರೇ ಉಳಿದಿಲ್ಲವಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಸಾಧಾರಣ ಆಕ್ಷೇಪವಲ್ಲ. “ನೀವು ಹೇಳಿದ ತಂಡಕ್ಕೂ ಕೊನೆಗೆ ಮರ್ಯಾದೆ ಸಿಕ್ಕಿತಲ್ಲ, ಗುಣ ಬೆಳಕಿಗೆ ಬಂದಿತಲ್ಲ?” ಎಂದು ಕೇಳಬಹುದು. ಹೌದು, ಸಿಕ್ಕಿತು. 1973ರಲ್ಲಿ ಡೇವಿಡ್ ಬೋವೀ ಎಂಬ ಮಹಾತಾರೆ ತನ್ನ ‘ಪಿನ್ ಅಪ್ಸ್’ ಡಿಸ್ಕಿನಲ್ಲಿ ಇವರ ಎರಡು ಹಾಡುಗಳನ್ನು ಹಾಡಿದ. 1974ರಲ್ಲಿ ಲೆಡ್ ಜೆಪೆಲಿನ್ ತಂಡದವರು ತಮ್ಮ ಸ್ವಾನ್ ಸಾಂಗ್ ಕಂಪನಿಗೆ ಇವರನ್ನು ಕರೆದುಕೊಂಡರು. 1998ರಲ್ಲಿ ಅದೇ ಅಬ್ಬೆ ರೋಡ್ ಸ್ಟುಡಿಯೋದಲ್ಲಿ ಪಿಂಕ್ ಫ್ಲಾಯ್ಡ್‌ನ ಡೇವಿಡ್ ಗಿಲ್ಮೋರ್ ಜೊತೆಗೂಡಿ ‘ಸಾರೋ’ವನ್ನು ಆದ್ಯಂತ ಹಾಡಿ ಇಂಟರ್‌ನೆಟ್ ಮೂಲಕ ಬಿತ್ತರಿಸಿದರು. 2018ರ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ದೊಡ್ಡದೊಂದು ವಿದಾಯ ಕಛೇರಿ ನಡೆಯಿತು. 2020ರ ಮೇ 15ರಂದು ಫಿಲ್ ಮೇ ತನ್ನ 75ನೆಯ ವಯಸ್ಸಿನಲ್ಲಿ ತೀರಿಕೊಂಡ.

ಆದರೆ ಸ್ವಾಮಿ, ಇದರಲ್ಲಿ ‘ತಾನಾಗಿ’ ಎಂಬುದು ಎಲ್ಲಿದೆ? ಬೋವೀ ಹಾಡಿದ್ದು ಹುಡುಗನಾಗಿದ್ದಾಗ ಕೇಳಿದ್ದನ್ನು ಮರೆಯಲಾರೆನೆಂದು. ಗೆಳೆಯರು ಕರೆದರು, ಗೆಳೆಯರು ಜೊತೆಗೆ ನುಡಿಸಿದರು. 1990ರ ದಶಕದಲ್ಲಿ ಇಎಂಐ ಕಂಪನಿಯೊಡನೆ ಕಾನೂನು ಹೋರಾಟ ಮಾಡಿ ತಮ್ಮ ಹಳೆಯ ಧ್ವನಿಮುದ್ರಣಗಳ ಹಕ್ಕನ್ನು ಅವರು ಮರಳಿ ಪಡೆದರು. ಎಲ್ಲಕ್ಕಿಂತ ಮಿಗಿಲಾಗಿ ‘ಸಾರೋ’ ಡಿಸ್ಕ್ ಇತ್ತು. ಅದರ ಮೇಲೆ ವರ್ಷ ಅಚ್ಚಾಗಿತ್ತು. 1968 ಮೊದಲೋ 1969 ಮೊದಲೋ ಎಂದು ಯಾವ ವಿಮರ್ಶಕನ ಜೊತೆಗೂ ಜಗಳವಾಡುವಷ್ಟು ಪುರಾವೆ ಅವರ ಕೈಯಲ್ಲಿತ್ತು. ಅಷ್ಟಿದ್ದೂ ಮೂವತ್ತು ವರ್ಷ ಹಿಡಿಯಿತು. ಕಾಲ ತಾನಾಗಿ ಯಾರಿಗೂ ಏನನ್ನೂ ಕೊಡಲಿಲ್ಲ. ಹಟ ಹಿಡಿದ ನಾಲ್ಕು ಜನ ಕೊಡಿಸಿದರು.

ಇನ್ನೊಂದು ಆಕ್ಷೇಪ ಪೇಟೆಯವರದು. ಹೆಚ್ಚು ಜನ ಕೊಂಡದ್ದೇ ಹೆಚ್ಚು ಒಳ್ಳೆಯದು, ಜನರೇ ತೀರ್ಪುಗಾರರು ಎನ್ನುತ್ತಾರೆ. ಜನರ ಮುಂದೆ ಇಟ್ಟಿದ್ದರೆ ತಾನೇ ಜನ ತೀರ್ಪು ಕೊಡುವುದು? ಹಿಂದೂಪುರದ ಹುಣಸೆಹಣ್ಣು, ಬೆಲ್ಲದ ಮಾರುಕಟ್ಟೆಯಲ್ಲಿ ಒಂದು ದಿನ ನಿಂತು ನೋಡಿ. ಬೆಳಿಗ್ಗೆ ಬಂದ ಗಾಡಿಗೆ ಒಂದು ಧಾರಣೆ, ಪೇಟೆ ತುಂಬಿದ ಮೇಲೆ ಬಂದ ಗಾಡಿಗೆ ಇನ್ನೊಂದು ಧಾರಣೆ. ಬೆಲ್ಲ ಎರಡೂ ಕಡೆ ಅದೇ ಬೆಲ್ಲ. ದೂರದ ಹಳ್ಳಿಯವನ ಗಾಡಿ ಯಾವಾಗಲೂ ತಡ. ಕಡಿಮೆ ಧಾರಣೆ ಸಿಕ್ಕಿತೆಂದು ಬೆಲ್ಲದಲ್ಲಿ ಸಿಹಿ ಕಡಿಮೆ ಎನ್ನುವವನನ್ನು ಯಾವ ರೈತನೂ ಒಪ್ಪುವುದಿಲ್ಲ. ಹಾಡು, ಕವಿತೆ, ನಾಟಕಗಳ ವಿಷಯದಲ್ಲಿ ಮಾತ್ರ ಓದಿದವರು ಇದನ್ನು ಒಪ್ಪಿಬಿಡುತ್ತಾರೆ.

ಇನ್ನು ಕೊನೆಯ ಮಾತು ನಮ್ಮ ಮನೆಗಳ ಕುರಿತು. ಇಲ್ಲಿ ಸ್ವಲ್ಪ ಕಟುವಾಗಿ ಬರೆದರೆ ಹಿರಿಯರು ಕ್ಷಮಿಸಬೇಕು. ರಾಜಧಾನಿಯವರು ನಮ್ಮನ್ನು ಮರೆತರು ಎಂದು ಪ್ರತಿ ನವೆಂಬರಿನಲ್ಲಿ ಭಾಷಣ ಮಾಡುತ್ತೇವೆ. ಬೆಂಗಳೂರಿಗೆ ಹೋದಾಗ “ಆಂಧ್ರದವರಾ? ನಿಮ್ಮ ಕನ್ನಡ ಪರವಾಗಿಲ್ಲವೇ!” ಎಂದು ಬೆನ್ನು ತಟ್ಟಿಸಿಕೊಂಡು ಬರುತ್ತೇವೆ, ಬಂದು ಸಿಟ್ಟಾಗುತ್ತೇವೆ. ಆದರೆ ನಮ್ಮದೇ ಮನೆಯ ಅಟ್ಟದಲ್ಲಿ ಅಜ್ಜನ ನಾಟಕದ ಪ್ರತಿ ಗೆದ್ದಲು ತಿನ್ನುತ್ತಿರುತ್ತದೆ. ಮದುವೆಯಲ್ಲಿ ಅಜ್ಜಿ ಹಾಡಿದ ಸೋಬಾನೆಯ ಕ್ಯಾಸೆಟ್ಟಿನ ಮೇಲೆ ಮೊಮ್ಮಗ ಸಿನಿಮಾ ಹಾಡು ತುಂಬಿಸಿದಾಗ ಮನೆಯವರು ಸುಮ್ಮನಿದ್ದರು. ಲೇಪಾಕ್ಷಿಯ ಗೋಡೆಯ ಮೇಲಿನ ಕನ್ನಡ ಶಾಸನವನ್ನು ಬಂದ ನೆಂಟರಿಗೆ ಹೆಮ್ಮೆಯಿಂದ ತೋರಿಸುತ್ತೇವೆ, ಸರಿ. ವಿಜಯನಗರದ ಕಾಲದ ಒಡೆಯರು ಕಲ್ಲಿನ ಮೇಲೆ ಬರೆಸಿದರು, ಅದಕ್ಕೇ ಇಂದು ತೋರಿಸುವುದಕ್ಕೆ ಏನೋ ಒಂದಿದೆ. ನೊಳಂಬರ ರಾಜಧಾನಿಯಾಗಿದ್ದ ಹೇಮಾವತಿಯ ಶಿಲ್ಪಗಳನ್ನು ನೋಡಲು ಇಂದು ಮದರಾಸಿನ ಮ್ಯೂಸಿಯಮ್ಮಿಗೂ ಹೋಗಬೇಕು, ಆದರೂ ಅವು ಹೇಮಾವತಿಯವೆಂದು ಗುರುತಿದೆ. ಊರು ಬಿಟ್ಟರೂ ಕಲ್ಲಿಗೆ ಊರಿನ ಹೆಸರು ಉಳಿಯಿತು. ಹಾಡಿಗೆ ಅಂಥ ಭಾಗ್ಯ ಇಲ್ಲ. ಅದಕ್ಕೆ ನಾವು ಬರೆದು ಕೊಟ್ಟಷ್ಟೇ ಊರು.

ಆದ್ದರಿಂದ ನಾನು ಕೇಳುವುದು ಮಹಾಕಾರ್ಯವನ್ನಲ್ಲ, ಗುಮಾಸ್ತನ ಕೆಲಸವನ್ನು. ಮನೆಯಲ್ಲಿ ಹಾಡು, ನಾಟಕದ ಪ್ರತಿ, ಭಾಗವತಿಕೆಯ ಪುಸ್ತಕ, ಕ್ಯಾಸೆಟ್ಟು, ಫೋಟೋ ಏನೇ ಇರಲಿ, ಮೂರು ಸಂಗತಿಗಳನ್ನು ಅದರ ಮೇಲೆ ಬರೆಯಿರಿ. ಯಾರದು, ಎಲ್ಲಿಯದು, ಯಾವಾಗಿನದು. ವರ್ಷ ನಿಖರವಾಗಿ ತಿಳಿಯದಿದ್ದರೆ ಯಾರ ಮದುವೆಯ ವರ್ಷ, ಯಾವ ಬರದ ವರ್ಷ ಎಂದಾದರೂ ಬರೆಯಿರಿ. ಯಾರಿಂದ ಕಲಿತದ್ದೆಂದು ಸಾಲವನ್ನೂ ನಮೂದಿಸಿ. ತೆಲುಗಿನಿಂದ ಬಂದಿದ್ದರೆ ತೆಲುಗಿನದೆಂದು, ತುಳುವಿನಿಂದಾದರೆ ತುಳುವಿನದೆಂದು, ಮಲಯಾಳದಿಂದಾದರೆ ಮಲಯಾಳದ್ದೆಂದು ನಾಚಿಕೆಯಿಲ್ಲದೆ ಬರೆಯಿರಿ. ಬೋರ್ಡಿನ ಮೇಲೆಯೇ ಸಾಲ ಬರೆದುಕೊಂಡ ಆ ಇಂಗ್ಲಿಷ್ ಹುಡುಗರು ಅದರಿಂದ ಸಣ್ಣವರಾಗಲಿಲ್ಲ. ಕೊನೆಗೆ ಒಂದು ಸಾಕ್ಷಿ ಸಹಿ ಬೇಕು. ಅದು ಪಕ್ಕದ ಮನೆಯ ಬೇರೆ ಭಾಷೆಯವರದಾದರೆ ಇನ್ನೂ ಒಳ್ಳೆಯದು. ಕನ್ನಡವೂ ಮಲಯಾಳವೂ ಒಂದೇ ರಟ್ಟಿನೊಳಗೆ ಅಚ್ಚಾಗುವ ಈ ಸಂಚಿಕೆಗೆ ಸಾಕ್ಷಿ ಸಹಿಯ ಅರ್ಥ ಬೇರೆ ಹೇಳಬೇಕಾಗಿಲ್ಲ. ನಮ್ಮ ಹಾಡು ನಮ್ಮದೆಂದು ನಾವೇ ಹೇಳಿದರೆ ಅದು ಅಭಿಮಾನ ಎನಿಸೀತು, ಮಲಯಾಳಿ ನೆರೆಯವರು ಹೇಳಿದರೆ ಅದು ದಾಖಲೆ. ಅವರ ಹಾಡಿಗೆ ನಾವೂ ಹಾಗೆಯೇ ಸಹಿ ಹಾಕಬೇಕು.

ಬ್ಯಾಂಕಿನಲ್ಲಿ ಹತ್ತು ವರ್ಷ ಯಾರೂ ಬಂದು ಕೇಳದ ಠೇವಣಿಯನ್ನು ರಿಸರ್ವ್ ಬ್ಯಾಂಕಿನ ನಿಧಿಯೊಂದಕ್ಕೆ ಕಳುಹಿಸಿಬಿಡುತ್ತೇವೆ. 2014ರಿಂದ ಈ ಏರ್ಪಾಡು ಇದೆ. ಹಣ ಹೋಯಿತೆಂದು ಜನ ಎದೆ ಬಡಿದುಕೊಳ್ಳುತ್ತಾರೆ. ಹೋಗಿರುವುದಿಲ್ಲ. ಹಕ್ಕುದಾರ ಆಮೇಲೆ ಬಂದು ದಾಖಲೆ ತೋರಿಸಿದರೂ ಹಣ ವಾಪಸು ಕೊಡಲೇಬೇಕು. ಆದರೆ ಇಷ್ಟು ವರ್ಷದ ನನ್ನ ನೌಕರಿಯಲ್ಲಿ, ಯಾರೂ ಬಂದು ಕೇಳದಿದ್ದರೂ ಆ ನಿಧಿ ತಾನಾಗಿ ಎದ್ದು ವಾರಸುದಾರನ ಮನೆ ಹುಡುಕಿಕೊಂಡು ಹೋದದ್ದನ್ನು ನಾನು ಕಂಡಿಲ್ಲ. ಪಾಸ್‌ಬುಕ್ ಹಿಡಿದು ಕೌಂಟರಿಗೆ ಬರಬೇಕಾದವರು ನಾವೇ.